ಮಾವನವರ ಒಂದು ‘ಭೇಷ್’ಗಾಗಿ ಆರ್‌ವಿ ಯಾತ್ರೆ

ನಾವು ಸುಮ್ಮನೆ ಹೋಗಿ ಸುಮ್ಮನೆ ಬಂದ ಪ್ರವಾಸ ಒಂದೂ ಇಲ್ಲ. ತೊಂಬತ್ತರ ದಶಕದಲ್ಲಿ ಅತ್ತೆ ಮಾವ ಮೈಸೂರಿನಿಂದ ಅಮೆರಿಕದ ಜರ್ಮನ್‌ಟೌನಿನ ನಮ್ಮ ಮನೆಗೆ ಬಂದಾಗಲೂ ಹೀಗೇ ಆಯಿತು. ಮಾವ ನಿವೃತ್ತ ಇತಿಹಾಸದ ಮೇಷ್ಟ್ರು. ಯಾರನ್ನೂ ಹೊಗಳಿದವರಲ್ಲ. ಮದುವೆಯಾದಾಗಿನಿಂದ ನನಗೆ ಒಂದು ‘ಪರವಾಗಿಲ್ಲ’ ಕೂಡ ಸಿಕ್ಕಿರಲಿಲ್ಲ. ಈ ಸಲ ‘ಭೇಷ್’ ಅನ್ನಿಸಿಯೇ ತೀರಬೇಕೆಂದು ಹಟ ತೊಟ್ಟು, ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಬಸ್ಸಿನಂಥ ಆರ್‌ವಿಯೊಂದನ್ನು ಬಾಡಿಗೆಗೆ ತಂದೆ. ದಾರಿಯಲ್ಲಿ ಚಾರಿತ್ರಿಕ ಸ್ಥಳಗಳನ್ನೆಲ್ಲ ತೋರಿಸಿಕೊಂಡು ಅಟ್ಲಾಂಟಾ ತಲುಪುವುದು ನನ್ನ ಪ್ಲಾನ್.

೧. ವಯಸ್ಸಿನ ವಿಚಾರ

ವರ್ಜೀನಿಯಾದಲ್ಲಿ ಮೊದಲು ನೋಡಿದ್ದು ಒಂದು ಹಳೆಯ ಇಟ್ಟಿಗೆ ಮನೆ. ಗೈಡಮ್ಮ ದನಿ ತಗ್ಗಿಸಿ, ಭಕ್ತಿಯಿಂದ, “ಈ ಮನೆಗೆ ನೂರೈವತ್ತು ವರ್ಷ” ಅಂದಳು. ನಾನು ಆಸೆಯಿಂದ ಮಾವನ ಮುಖ ನೋಡಿದೆ.

“ನಮ್ಮನೆ ಬಚ್ಚಲುಮನೆಗೇ ಇದಕ್ಕಿಂತ ಜಾಸ್ತಿ ವಯಸ್ಸಾಗಿದೆ” ಅಂದರು.

ನಾನು ಮಾತು ಮರೆಸುವಷ್ಟರಲ್ಲಿ ಎಂಟು ವರ್ಷದ ನನ್ನ ಮಗಳು ಅದನ್ನು ಇಂಗ್ಲಿಷಿನಲ್ಲಿ ಗೈಡಿಗೆ ಒಪ್ಪಿಸಿಬಿಟ್ಟಳು. ಗೈಡಮ್ಮನಿಗೆ ರೋಮಾಂಚನ! “ಅದನ್ನು ನೋಡೋಕೆ ಸಾರ್ವಜನಿಕರಿಗೆ ಪ್ರವೇಶ ಇದೆಯಾ?” ಎಂದು ಕೇಳಿದಳು.

ಮಾವ ಗಂಭೀರವಾಗಿ, “ಇದೆ. ಒಳಗೆ ಯಾರೂ ಸ್ನಾನ ಮಾಡ್ತಾ ಇರಬಾರದು, ಅಷ್ಟೆ” ಅಂದರು.

೨. ಬಾಗಿಲ ಬಳಿ

ನಾರ್ತ್ ಕ್ಯಾರೊಲೈನಾದಲ್ಲಿ ಹಿಂದಿನ ಕಾಲದ ಯಾರೋ ಗಣ್ಯರ ಮನೆ. ಅತ್ತೆ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟರು.

“ಅಮ್ಮಾ, ಇಲ್ಲೆಲ್ಲ ಹಾಕ್ಕೊಂಡೇ ಹೋಗಬಹುದು” ಅಂದಳು ನನ್ನವಳು.

“ದೊಡ್ಡವರು ಬಾಳಿದ ಮನೆ ಕಣೇ. ಅವರಿಲ್ಲ ಅಂದ್ರೆ ಮರ್ಯಾದೆನೂ ಇಲ್ವಾ?”

ಸರಿ, ಐದು ಜನವೂ ಬಿಟ್ಟೆವು. ನೋಡಿಕೊಂಡು ಹೊರಗೆ ಬಂದರೆ ಅಲ್ಲಿ ನಲವತ್ತು ಜೊತೆ! ನಮ್ಮ ಹಿಂದೆ ಬಂದ ಟೂರಿಸ್ಟ್ ಬಸ್ಸಿನವರು ಇದೇ ಇಲ್ಲಿನ ನಿಯಮ ಅಂದುಕೊಂಡು ಶಿಸ್ತಾಗಿ ಸಾಲುಗಟ್ಟಿ ಬಿಟ್ಟಿದ್ದರು. ಹೀಗೊಂದು ನಿಯಮ ಇದೆಯಾ ಎಂದು ವಿಚಾರಿಸೋಣವೆಂದರೆ, ಬಾಗಿಲು ಕಾಯುವವನೇ ಒಂದು ಬೂಟು ಬಿಚ್ಚಿ, ಇನ್ನೊಂದರ ಲೇಸಿಗೆ ಕೈ ಹಾಕಿದ್ದ.

೩. ಘಾಟು

ಉಳಿದಿದ್ದ ನನ್ನ ಒಂದೇ ಆಸೆ ಸೌತ್ ಕ್ಯಾರೊಲೈನಾದ ರಣರಂಗ. ಅಲ್ಲಿ ಹಳೆಯ ಯುದ್ಧವನ್ನು ವೇಷ ತೊಟ್ಟು ಮತ್ತೆ ಆಡಿ ತೋರಿಸುತ್ತಿದ್ದರು. ಮಾವನಿಗೆ ಚೆನ್ನಾಗಿ ಕಾಣಲಿ ಎಂದು ಬೇಲಿಗೆ ಒತ್ತಿಯೇ ಆರ್‌ವಿ ನಿಲ್ಲಿಸಿದೆ. ಅತ್ತೆ ಮಾತ್ರ, “ಅವರ ಜಗಳ ನಾನೇನು ನೋಡೋದು? ಸಾರಿನ ಪುಡಿ ಮುಗಿದಿದೆ” ಎಂದು ಒಳಗೇ ಉಳಿದರು.

ಯುದ್ಧ ಜೋರಾಗಿ ನಡೆಯಿತು. ಬೇಲಿಯ ಪಕ್ಕದಲ್ಲೇ ಏಳೆಂಟು ಸೈನಿಕರು ಬಹಳ ಸೊಗಸಾಗಿ ಸತ್ತರು. ಗೆದ್ದ ಸೇನಾಪತಿ ಕತ್ತಿಯೆತ್ತಿ ಭಾಷಣ ಶುರು ಮಾಡಿದ. ಮಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬಂತು, ಈಗ ಬಂತು ‘ಭೇಷ್’ ಎಂದು ಕಾದೆ.

ಬಂದದ್ದು ಘಾಟು! ಅತ್ತೆ ಗುಂಟೂರು ಮೆಣಸಿನಕಾಯಿ ಹುರಿಯುತ್ತಿದ್ದರು, ಗಾಳಿ ಮೈದಾನದ ಕಡೆಗೇ ಬೀಸುತ್ತಿತ್ತು. ಒಂದು ಹೆಣ ಸೀನಿತು. ಪಕ್ಕದ ಹೆಣ ಮೂರು ಸಲ ಸೀನಿ ಎದ್ದು ಕೂತಿತು. ಸೇನಾಪತಿಯ ಭಾಷಣ ಕೆಮ್ಮಿನಲ್ಲಿ ಮುಗಿಯಿತು. ಗೆದ್ದವರು, ಸೋತವರು, ಸತ್ತವರು ಎಲ್ಲರೂ ಒಟ್ಟಿಗೆ ಮೂಗು ಒರೆಸಿಕೊಂಡರು. ನಿಜ ಹೇಳುತ್ತೇನೆ, ನನಗೆ ಅಳುವೇ ಬಂತು. ಅರ್ಧ ಘಾಟಿಗೆ, ಅರ್ಧ ನನ್ನ ಹಣೆಬರಹಕ್ಕೆ.

ತಿರುಗಿ ನೋಡಿದರೆ ಮಾವ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ! “ಮೂವತ್ತು ವರ್ಷ ಪಾಠ ಮಾಡಿದೀನಿ, ಸತ್ತ ಸೈನ್ಯ ಎದ್ದು ಕೂತಿದ್ದು ಯಾವ ಪುಸ್ತಕದಲ್ಲೂ ಓದಿಲ್ಲ. ಭೇಷ್!”

ನಾನು ಹಿಗ್ಗಿ ನಮಸ್ಕಾರಕ್ಕೆ ಬಗ್ಗಿದೆ. ಅವರು ನನ್ನನ್ನು ದಾಟಿಕೊಂಡು ಆರ್‌ವಿ ಹತ್ತಿ, “ಭೇಷ್ ಕಣೇ!” ಎಂದು ಅತ್ತೆಯ ಬೆನ್ನು ತಟ್ಟಿದರು.

ಬಗ್ಗಿದವನು ಬಗ್ಗಿದಂತೆಯೇ ನಿಂತಿದ್ದೆ. ಅತ್ತೆ ಕಿಟಕಿಯಿಂದ ಇಣುಕಿ ಸಮಾಧಾನ ಮಾಡಿದರು: “ನನಗೇ ಮೂವತ್ತೆಂಟು ವರ್ಷ ಹಿಡೀತು ಅಳಿಯಂದ್ರೇ. ನಿಮಗಿನ್ನೂ ಹತ್ತೇ ಅಲ್ವಾ? ಸ್ವಲ್ಪ ತಾಳಿ.”