ಹಿಂದಿನ ವೈಪರಿಗೆ ನಾನೇ ಕೈ ಹಾಕಿದ್ದು

ಜಾಂಬಿಯಾದ ನಮ್ಮ ಕಿಟ್ವೆ ಊರಿನಲ್ಲಿ ಮೆಕ್ಯಾನಿಕ್‌ಗಳಿಂದ ಮೋಸ ಹೋಗದ ಏಕೈಕ ಗಂಡಸು ನಾನು! ಯಾಕೆಂದರೆ ಅವರ ಹತ್ತಿರ ನಾನು ಹೋಗುವುದೇ ಇಲ್ಲ. ವೈಪರ್ ನೋಡಿ ಎಂದು ಕಾರು ಬಿಟ್ಟು ಬಂದರೆ ಬ್ಯಾಟರಿ ಮಾಯ ಮಾಡಿಬಿಡುತ್ತಾರೆಂಬುದು ನನ್ನ ಬಲವಾದ ಅನುಮಾನ. ಹಾಗಾಗಿ ಇಲ್ಲಿನ ಕಡುಬೇಸಿಗೆಯ ಅಕ್ಟೋಬರ್ ಬಿಸಿಲಿಗೆ ಕಾರಿನ ಹಿಂದಿನ ವೈಪರಿನ ರಬ್ಬರು ಒಣಮೀನಿನಂತೆ ಸುರುಟಿಕೊಂಡಾಗ, “ಇದನ್ನು ನನ್ನ ಸ್ವಹಸ್ತದಿಂದಲೇ ಬದಲಾಯಿಸುತ್ತೇನೆ!” ಎಂದು ಘೋಷಿಸಿದೆ.

ಸೊಪ್ಪು ಹೆಚ್ಚುತ್ತಿದ್ದ ನನ್ನ ಹೆಂಡತಿ, ಅಂದರೆ ನಮ್ಮ ಮಗಳು ಕಾಸೊಂಡೆಯ ತಾಯಿ ‘ಬಾನಾ ಕಾಸೊಂಡೆ’, ತಲೆಯನ್ನೂ ಎತ್ತಲಿಲ್ಲ. ತಂದೆಯಾದ ನಾನು ಅವಳ ಬಾಯಲ್ಲಿ ‘ಬಾಶಿ ಕಾಸೊಂಡೆ’.

“ಬಾಶಿ ಕಾಸೊಂಡೆ, ನಾಳೆ ಎನ್‌ಡೋಲಾದಲ್ಲಿ ನನ್ನ ತಂಗಿ ಮಗಳ ಕಿಚನ್ ಪಾರ್ಟಿ. ಮದುಮಗಳಿಗೆ ಕೊಡೋ ಪಾತ್ರೆಯೆಲ್ಲ ನಮ್ಮ ಕಾರಲ್ಲೇ ಹೋಗ್ಬೇಕು. ಸುಮ್ನೆ ಮೆಕ್ಯಾನಿಕ್ ಚಂಶಿ ಗ್ಯಾರೇಜಿಗೆ ಬಿಡಿ.”

“ಯಾವಾಗ ನೋಡಿದ್ರೂ ಚಂಶಿ, ಚಂಶಿ! ಕಮಿಷನ್ ಏನಾದ್ರೂ...”

ಚಾಕು ಹಲಗೆಯ ಮೇಲೆ ಟಕ್ಕೆಂದು ನಿಂತಿತು. ನಾನು ಬಿಡಿಭಾಗಗಳ ಅಂಗಡಿಗೆ ಹೊರಟೆ.

“ಒರಿಜಿನಲ್ಲಾ?” ಎಂದು ಹೊಸ ವೈಪರ್ ಬ್ಲೇಡನ್ನು ಮೂಸಿ ನೋಡಿದೆ.

“ಒರಿಜಿನಲ್ಲೇ ಬಾಸ್. ಜೊತೆಗಿರೋ ಈ ಪುಟ್ಟ ಪ್ಲಾಸ್ಟಿಕ್ ತುಂಡು ಎಸೀಬೇಡಿ. ಅದಿಲ್ದೆ ಬ್ಲೇಡ್ ಕೂರಲ್ಲ.”

ಕೇಳದೆಯೇ ಸಲಹೆ ಕೊಡುವ ಅಂಗಡಿಯವನು! ಇದರಲ್ಲಿ ಖಂಡಿತ ಏನೋ ಇದೆ. ತಿರುವು ದಾಟುತ್ತಲೇ ತುಂಡನ್ನು ಚರಂಡಿಗೆಸೆದೆ.

ಮನೆಗೆ ಬಂದು ಎಳೆದರೆ ಹಳೆಯ ಬ್ಲೇಡು ಒಂದೇ ಎಳೆತಕ್ಕೆ ಕೈಗೆ ಬಂತು. ಆಹಾ, ಎಂಥ ಕೈಚಳಕ! ಆದರೆ ಹೊಸದು ಕೂರಲೊಲ್ಲದು. ಒತ್ತಿದೆ, ತಿರುಚಿದೆ, ಬೈದೆ. ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯ ಕಲಾಬಾ ಇಣುಕಿದರು. ಗಣಿಯಲ್ಲಿ ದುಡಿದು ನಿವೃತ್ತರಾದವರು.

“ಗಾಜಿನ ಮೇಲೆ ದಪ್ಪ ಬಟ್ಟೆ ಹಾಸ್ಕೊಳಿ. ವೈಪರಿನ ಆ ಕಡ್ಡಿಗೆ ಸ್ಪ್ರಿಂಗ್ ಇದೆ, ಜಾರಿದ್ರೆ ಹೊಡೀತದೆ.”

“ನನ್ನ ಗಾಜಿನ ಮೇಲೆ ನಿಮಗ್ಯಾಕೆ ಇಷ್ಟು ಕಾಳಜಿ?”

“ಒಳ್ಳೇದಕ್ಕೆ ಹೇಳ್ದೆ ಮಾರಾಯ.”

ಒಳ್ಳೇದಕ್ಕೆ! ಹೋದ ತಿಂಗಳಷ್ಟೇ ಈ ಮನುಷ್ಯ ನನ್ನ ಕಾರಿನ ಬೆಲೆ ವಿಚಾರಿಸಿದ್ದ. ಈಗ ಬಟ್ಟೆ ಅನ್ನುತ್ತಾನೆ. ಏನೋ ಹುನ್ನಾರವಿದೆ! ಅವನನ್ನು ದುರುಗುಟ್ಟಿ ನೋಡಲೆಂದು ತಿರುಗಿದೆ, ಕಡ್ಡಿ ಕೈಯಿಂದ ಜಾರಿತು.

ಠಪ್!

ಗಾಜು ಒಂದು ಕ್ಷಣ ಯೋಚಿಸಿತು. ಆಮೇಲೆ ಜೋಳ ಸುರಿದಂತೆ ಝಲ್ಲೆಂದು ಅಂಗಳಕ್ಕೆ ಸುರಿಯಿತು. ಬಾನಾ ಕಾಸೊಂಡೆ ಓಡಿ ಬಂದಳು.

“ಗಾಜಲ್ಲಿ ಮೊದಲೇ ಬಿರುಕಿತ್ತು ಅಂತ ನಂಗೆ ಅನುಮಾನ,” ಎಂದೆ.

“ನಂಗೂ ಒಂದು ಅನುಮಾನ. ಬಿರುಕು ಗಾಜಲ್ಲಲ್ಲ, ನಿಮ್ಮ ತಲೇಲಿತ್ತು!” ಎಂದವಳು ಆಕಾಶದತ್ತ ಬೆರಳು ತೋರಿಸಿದಳು. ಮಳೆಗಾಲದ ಮೊದಲ ಮಳೆ ದಬದಬನೆ ಇಳಿಯತೊಡಗಿತ್ತು. “ನಾಳೆ ಪಾತ್ರೆ ತುಂಬಾ ನೀರು ತುಂಬ್ಕೊಂಡು ಹೋಗ್ಲಾ? ನಮ್ಮ ಕಡೆಯವರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?”

ಅವಳ ಕಣ್ಣಲ್ಲಿ ನೀರಿತ್ತು. ಒಡೆದ ಕಿಟಕಿಗೆ ಹಿಟ್ಟಿನ ಖಾಲಿ ಚೀಲ ಕಟ್ಟಿ, ಚಂಶಿಯ ಗ್ಯಾರೇಜಿಗೆ ಹೋದೆ. ಅವನು ಎಲ್ಲಿಂದಲೋ ಗಾಜು ತರಿಸಿ ಕೂರಿಸುವವರೆಗೂ ಮಳೆಯಲ್ಲಿ ನೆನೆಯುತ್ತ, ಟೈರಿನ ಮೇಲೆ ಕುಳಿತು, ಕಣ್ಣು ಮಿಟುಕಿಸದೆ ಬ್ಯಾಟರಿ ಕಾದೆ. ಕೊನೆಗೆ ಅವನು ತನ್ನ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ತುಂಡು ಹೆಕ್ಕಿ, ನನ್ನ ಬ್ಲೇಡನ್ನು ಕಡ್ಡಿಗೆ ಟಿಕ್ ಎಂದು ಸಿಕ್ಕಿಸಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಸರಿ, ಮೋಸ ಇಲ್ಲಿದೆ ಎಂದುಕೊಂಡು ಕೇಳಿದೆ: “ಬ್ಲೇಡ್ ಹಾಕಿದ್ದಕ್ಕೆ ಎಷ್ಟು?”

“ಏನೂ ಬೇಡ. ಅದಕ್ಕೆ ನಾನು ಯಾರ ಹತ್ರಾನೂ ದುಡ್ಡು ತಗೊಳ್ಳಲ್ಲ.”

“ಬಿಟ್ಟಿನಾ? ಯಾಕೆ?”

“ದುಡ್ಡು ಕೇಳಿದ್ರೆ ಕೆಲವರು ತಾವೇ ಹಾಕೋಕೆ ಹೋಗ್ತಾರೆ, ಪಾಪ.”

ಆ ‘ಕೆಲವರು’ ಯಾರು ಎಂಬ ಬಗ್ಗೆ ಮಾತ್ರ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ!