ಎರಡು ಚಕ್ರ ಮೇಲೆ, ಎರಡು ಚಕ್ರ ಕೆಳಗೆ

ಎದುರಿಗೆ ಬಂದ ಮೀನಿನ ಲಾರಿಗೆ ದಾರಿ ಬಿಡಲೆಂದು ಗ್ರೆಗರ್ ಟಲಕ್ ತನ್ನ ವ್ಯಾನಿನ ಎಡಗಡೆಯ ಎರಡು ಚಕ್ರಗಳನ್ನು ಫುಟ್‌ಪಾತಿನ ಮೇಲೆ ಹತ್ತಿಸಿದ. ಲಾರಿ ಗೋಡೆ ಸವರಿಕೊಂಡು ಹೋಯಿತು. ಅದರ ಚಾಲಕ ಕೈಯೆತ್ತಿ ವಂದಿಸಿದ. ಆ ಕ್ಷಣವೇ ಗ್ರೆಗರ್ ಚಕ್ರಗಳನ್ನು ಕೆಳಗಿಳಿಸಿದ್ದರೆ ಅವನ ಪಾಡಿಗೆ ಅವನಿರುತ್ತಿದ್ದ. ಆದರೆ ಅಷ್ಟರಲ್ಲಿ ಮುಂದೆ ಇನ್ನೊಂದು ವ್ಯಾನು ಫುಟ್‌ಪಾತ್ ಹತ್ತಿ ನಿಂತಿದ್ದು ಅವನ ಕಣ್ಣಿಗೆ ಬಿತ್ತು.

ಗ್ರೆಗರ್ ಇನ್ವರ್‌ಕಾರಿ ಪುರಸಭೆಯ ಪಾರ್ಕಿಂಗ್ ವಾರ್ಡನ್. ಸ್ಕಾಟ್ಲೆಂಡಿನ ಆ ಕಡಲೂರಿನಲ್ಲಿ ಫುಟ್‌ಪಾತಿನ ಮೇಲೆ ಗಾಡಿ ನಿಲ್ಲಿಸಬಾರದೆಂಬ ಹೊಸ ಕಾನೂನು ಬಂದ ಮೇಲೆ, ನಿಲ್ಲಿಸಿದವರಿಗೆ ದಂಡದ ಚೀಟಿ ಅಂಟಿಸುವುದು ಅವನ ಪಾಲಿಗೆ ಬಂದಿತ್ತು. ಬೇಟೆ ಕಂಡ ಕೊಕ್ಕರೆಯಂತೆ ಕತ್ತು ಉದ್ದ ಮಾಡಿ ನೋಡಿದವನು ಎಂಜಿನ್ ಆರಿಸಿ, ಟೋಪಿ ಹಾಕಿಕೊಂಡು ಇಳಿದ.

ಆ ದಿನ ಅವನು ತುಸು ಹುಷಾರಾಗಿರಬೇಕಿತ್ತು. ಪುರಸಭೆಯಲ್ಲಿ ದೂರು ಕೇಳುವ ಟೆಲಿಫೋನಿನ ಮುಂದಿನ ಕುರ್ಚಿ ಖಾಲಿಯಾಗಿತ್ತು. ಕುರ್ಚಿಗೆ ಮೆತ್ತೆಯಿತ್ತು, ಪಕ್ಕದಲ್ಲೇ ಗೋಡೆಗೆ ಹೀಟರ್ ಇತ್ತು, ತಲೆಯ ಮೇಲೆ ಸೂರಿತ್ತು. ವರ್ಷವಿಡೀ ಕಡಲ ಮಳೆ ಕಾಲರಿನೊಳಗೆ ಇಳಿಯುತ್ತಿದ್ದ ಮನುಷ್ಯನಿಗೆ ಅದು ಸ್ವರ್ಗದ ಒಂದು ಕೋಣೆ. ಮೇಲಧಿಕಾರಿ ಮಿಸೆಸ್ ಡಫ್ ಬೆಳಿಗ್ಗೆ ಹೇಳಿದ್ದಳು:

"ಇವತ್ತು ತೀರ್ಮಾನ ಮಾಡ್ತೀನಿ, ಗ್ರೆಗರ್. ಹೆಚ್ಚುಕಮ್ಮಿ ನಿಂಗೇ. ಇವತ್ತೊಂದಿನ ನಿನ್ನ ಮೇಲೆ ದೂರು ಬರದ ಹಾಗೆ ನೋಡ್ಕೋ."

ಗ್ರೆಗರ್ ಹೂಂ ಅಂದಿದ್ದ. ತನ್ನ ಮೇಲೆ ದೂರು ಬರುವುದಾದರೂ ಯಾಕೆ, ಅನ್ನುವುದು ಅವನ ಎಣಿಕೆ.

ಮುಂದಿದ್ದ ವ್ಯಾನು ಮ್ಯಾಗ್ನಸ್‌ನದು. ಶೋರ್ ಓಣಿಯಲ್ಲಿ ಅವನದು ಹೊಗೆ ಹಾಕಿದ ಮೀನಿನ ಅಂಗಡಿ. ಗ್ರೆಗರ್ ಚೀಟಿಯ ಯಂತ್ರ ಹೊರಗೆ ತೆಗೆಯುವಷ್ಟರಲ್ಲಿ ಮ್ಯಾಗ್ನಸ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

"ಬೆಳಿಗ್ಗೆ ಬೆಳಿಗ್ಗೆನೇ ಶುರು ಹಚ್ಕೊಂಡ್ಯಾ?"

"ಗಾಡಿ ಫುಟ್‌ಪಾತ್ ಮೇಲಿದೆ ಮ್ಯಾಗ್ನಸ್. ನಾನೇನ್ಮಾಡ್ಲಿ."

"ಒಂದೇ ನಿಮಿಷ ಅಂತ ನಿಲ್ಸಿದ್ದೆ ಮಾರಾಯ. ಮೀನು ಇಳಿಸ್ಬೇಕಿತ್ತು."

"ಇಳಿಸಿ ಆಯ್ತಲ್ಲ. ಒಳಗೆ ಕೂತು ಚಾ ಕುಡೀತಿದ್ದೆ. ಗಾಜಲ್ಲಿ ಕಾಣ್ತಿತ್ತು."

ಮ್ಯಾಗ್ನಸ್ ವಾದಿಸಲಿಲ್ಲ. ಗ್ರೆಗರನ ಭುಜದಾಚೆ ಕಣ್ಣು ಹಾಯಿಸಿ, ಗಿರಾಕಿಗೆ ಒಳ್ಳೆಯ ಮೀನು ತೋರಿಸುವ ದನಿಯಲ್ಲಿ ಹೇಳಿದ: "ನಂದು ಎರಡು ಚಕ್ರ ಮೇಲಿದೆ, ಒಪ್ಪಿದೆ. ಆ ಹಿಂದಿನ ಗಾಡಿದು ಎಷ್ಟಿದೆ, ನೋಡು."

ಗ್ರೆಗರ್ ತಿರುಗಿದ. ಬೆಳ್ಳಗಿನ ತನ್ನ ವ್ಯಾನು, ದೋಣಿಯಂತೆ ಒಂದು ಕಡೆಗೆ ವಾಲಿಕೊಂಡು ನಿಂತಿತ್ತು. ಅದರ ಮೈಮೇಲೆ ಪುರಸಭೆ ದೊಡ್ಡ ನೀಲಿ ಅಕ್ಷರಗಳಲ್ಲಿ ಬರೆಸಿತ್ತು: ಫುಟ್‌ಪಾತ್ ಇರುವುದು ನಡೆಯುವವರಿಗೆ.

"ಅದು ಕರ್ತವ್ಯದ ಮೇಲಿದೆ" ಎಂದ ಗ್ರೆಗರ್.

"ಅದು ಫುಟ್‌ಪಾತ್ ಮೇಲಿದೆ" ಎಂದ ಮ್ಯಾಗ್ನಸ್.

"ಲಾರಿಗೆ ದಾರಿ ಬಿಟ್ಟೆ ಕಣಯ್ಯ. ಈಗ ತೆಗೀತೀನಿ. ಒಂದೇ ನಿಮಿಷ."

ಅಷ್ಟರಲ್ಲಿ ಫುಟ್‌ಪಾತಿನ ಹಿಂದಿನ ತುದಿಯಿಂದ ಗುಂಯ್‌ಗುಡುವ ಸದ್ದು ಬಂತು. ಆ ಸದ್ದು ಎಫೀ ಗೆಡ್ಡೀಸಳ ಬ್ಯಾಟರಿ ಗಾಲಿಕುರ್ಚಿಯದು.

ಎಫೀ ಹಿಂದೆ ಊರಿನ ಟ್ಯಾಕ್ಸಿ ಕಚೇರಿಯಲ್ಲಿ ಫೋನು ಹಿಡಿದು ಕೂತು ಡ್ರೈವರುಗಳನ್ನೆಲ್ಲ ಬುಗುರಿಯಂತೆ ಆಡಿಸಿದವಳು. ಸೊಂಟ ಕೈಕೊಟ್ಟ ಮೇಲೆ ಗಾಲಿಕುರ್ಚಿಗೆ ಬಂದಿದ್ದಳೇ ಹೊರತು ದನಿಗೆ ಏನೂ ಆಗಿರಲಿಲ್ಲ. ಫುಟ್‌ಪಾತಿನ ಮೇಲೆ ಗಾಡಿಗಳು ಹತ್ತಿ ನಿಂತರೆ ಅವಳು ರಸ್ತೆಗಿಳಿದು ಲಾರಿಗಳ ನಡುವೆ ಹೋಗಬೇಕಾಗುತ್ತಿತ್ತು. ಶೋರ್ ಓಣಿಗೆ ವಾರ್ಡನ್ ಕಳಿಸಿ ಎಂದು ಪುರಸಭೆಯ ಬೆನ್ನು ಬಿದ್ದವಳೂ ಅವಳೇ. ಈಗ ಅವಳ ಕುರ್ಚಿಯ ಮುಂದಿನ ಬುಟ್ಟಿ ವಾರ್ಡನ್ನನ ವ್ಯಾನಿನ ಬಂಪರಿಗೆ ಟಣ್ಣನೆ ತಾಗಿ ನಿಂತಿತು.

"ಯಾರಪ್ಪಾ ಈ ಗಾಡಿಯ ಮಹಾನುಭಾವ?"

"ನಾನು ಮಿಸೆಸ್ ಗೆಡ್ಡೀಸ್. ಈಗಲೇ ತೆಗೀತೀನಿ."

"ಮುಟ್ಬೇಡ."

ಗ್ರೆಗರ್ ಬೀಗದ ಕೈ ಹಿಡಿದವನು ಹಾಗೇ ನಿಂತ.

"ನೀನು ತೆಗೆದ್ರೆ ಸಾಕ್ಷಿ ಹೋಗತ್ತೆ" ಎಂದಳು ಎಫೀ. "ಮೊದ್ಲು ಚೀಟಿ ಹಾಕು. ಆಮೇಲೆ ತೆಗಿ."

"ನನ್ನ ಗಾಡಿಗೆ ನಾನೇ ಚೀಟಿ ಹಾಕೋದಾ?"

"ಮತ್ತೆ ನಾನು ಹಾಕ್ಲಾ? ಯಂತ್ರ ಕೊಡು, ಹಾಕ್ತೀನಿ."

ಅವಳು ಮಾತಿಗೆ ಕಾಯಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ತೆಗೆದು, ತನ್ನ ಮನೆಯ ಮುಂದಿನ ಇಳಿಜಾರಿನಲ್ಲಿ ರಸ್ತೆಗಿಳಿದು, ವ್ಯಾನಿನ ಹಿಂದೆ ನಟ್ಟ ನಡುವೆ ನಿಂತು ಬ್ರೇಕ್ ಹಾಕಿದಳು. ಮುಂದೆ ಮ್ಯಾಗ್ನಸನ ವ್ಯಾನು, ಹಿಂದೆ ಎಫೀ. ಅಡಕತ್ತರಿಗೆ ಸಿಕ್ಕಿದ ಅಡಿಕೆಯ ಪಾಡು ಗ್ರೆಗರನದು.

"ನಿನ್ನ ಗಾಡಿ ಸ್ವಲ್ಪ ಮುಂದಕ್ಕೆ ತೆಗೆಯೋ" ಎಂದು ಅವನು ಮ್ಯಾಗ್ನಸನನ್ನು ಬೇಡಿಕೊಂಡ.

"ತೆಗೆಯೋ ಹಾಗಿಲ್ವಲ್ಲ. ಸಾಕ್ಷಿ" ಎಂದ ಮ್ಯಾಗ್ನಸ್.

ಓಣಿಯಲ್ಲಿ ಕಿಟಕಿಗಳು ತೆರೆದುಕೊಂಡವು. ನಿವೃತ್ತ ಹೆಡ್‌ಮಾಸ್ತರು ಕಾರ್ಸ್‌ವೆಲ್ ಮನೆಯ ಚಪ್ಪಲಿಯಲ್ಲೇ ಬಂದರು. ವಿಷಯ ಕೇಳಿ ತಿಳಿದುಕೊಂಡು, ಗಂಟಲು ಸರಿಮಾಡಿಕೊಂಡು, ಇಡೀ ಓಣಿಯೇ ಒಂದು ತರಗತಿಯೆಂಬಂತೆ ಮಾತಾಡಿದರು.

"ಪ್ರಶ್ನೆ ಸರಳ. ಕಾನೂನು ಕಾಯೋ ಗಾಡಿ ಕಾನೂನು ಪಾಲಿಸ್ಬೇಕೋ ಬೇಡ್ವೋ? ಬೇಲಿನೇ ಎದ್ದು ಹೊಲ ಮೇಯೋ ಹಾಗಿದ್ರೆ ಬೇಲಿ ಯಾಕೆ?"

ಮ್ಯಾಗ್ನಸ್‌ಗೆ ಆಗ ಒಂದು ಯೋಚನೆ ಬಂತು. ವಾರ್ಡನ್ನನ ಗಾಡಿಗೆ ಮಾಫಿ ಸಿಕ್ಕರೆ ತನ್ನದಕ್ಕೂ ಸಿಗಲೇಬೇಕು. ಅವನು ತಟ್ಟನೆ ಪಕ್ಷ ಬದಲಿಸಿದ.

"ಹಾಗಲ್ಲ ಸರ್. ಬೆಂಕಿ ಆರಿಸೋ ಗಾಡಿ ಫುಟ್‌ಪಾತ್ ನೋಡ್ಕೊಂಡು ನಿಲ್ಲತ್ತಾ?"

"ಬೆಂಕಿ ಎಲ್ಲಿದೆ?" ಎಂದಳು ಎಫೀ.

"ಮಾತಿಗೆ ಹೇಳ್ದೆ. ಕಳ್ಳನ್ನ ಹಿಡಿಯೋನು ಕಳ್ಳನ ಹಿಂದೆ ಓಡ್ಬೇಕು ತಾನೆ?"

"ಓಡ್ಲಿ. ನನ್ನ ಕಾಲ್ಮೇಲೆ ಓಡೋದು ಬೇಡ."

"ಆದ್ರೆ ಅವನು ಮಾಡ್ತಿದ್ದದ್ದು ನಿಮ್ಮ ಕೆಲಸಾನೇ ಅಲ್ವಾ? ನಿಮ್ಮ ದಾರಿ ಬಿಡಿಸೋಕೇ ಬಂದಿದ್ದು."

"ದಾರಿ ಬಿಡಿಸೋಕೆ ಬಂದೋನು ದಾರಿಗಡ್ಡ ಮಲಗಿದ್ರೆ ನಾನೇನು ಹಾರ್ಕೊಂಡು ಹೋಗ್ಲಾ?"

ಎಲ್ಲರೂ ಗ್ರೆಗರನ ಕಡೆ ನೋಡಿದರು. ತರಬೇತಿಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವನು ಮಿಸೆಸ್ ಡಫ್‌ಗೆ ಫೋನು ಮಾಡಿದ.

"ಒಂದು ಸಂದೇಹ ಮಿಸೆಸ್ ಡಫ್. ಫುಟ್‌ಪಾತ್ ಮೇಲೆ ಒಂದು ವ್ಯಾನಿದೆ. ಚೀಟಿ ಹಾಕ್ಬಹುದಾ ಅಂತ."

"ಇದೇನು ಕೇಳೋದು? ಹಾಕು. ಯಾರ ಗಾಡಿ?"

"ಪುರಸಭೆದು."

"ಯಾವ ಪುರಸಭೆದು?"

"ನಮ್ದೇ."

"ಓಡಿಸ್ತಿದ್ದವನು ಯಾರು?"

"ಅದನ್ನ ಹೇಳ್ಲೇಬೇಕಾ?"

"ಚೀಟಿ ಹಾಕ್ಬೇಡ, ಗ್ರೆಗರ್. ಪುರಸಭೆ ಪುರಸಭೆಗೇ ದಂಡ ಹಾಕೋದು ಅಂದ್ರೆ ತನ್ನ ಕೆನ್ನೆಗೆ ತಾನೇ ಬಾರಿಸ್ಕೊಂಡ ಹಾಗೆ. ಏನೂ ಮಾಡ್ಬೇಡ. ನಾನು ಬರೋತನಕ ಕೈ ಜೇಬಲ್ಲಿಟ್ಕೊಂಡು ನಿಂತಿರು."

ಅವನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತ. ಆದರೆ ಲೋಕ ನಿಲ್ಲಲಿಲ್ಲ. ಓಣಿಯ ಕೆಳಗಿನಿಂದ ಕಸದ ಲಾರಿ ಏರಿ ಬಂತು. ಎಫೀ ರಸ್ತೆಯ ನಡುವೆ ಕೂತಿದ್ದುದರಿಂದ ಅದು ಅಲ್ಲೇ ನಿಂತಿತು. ಅದರ ಹಿಂದೆ ಅಂಚೆಯ ವ್ಯಾನು, ಅದರ ಹಿಂದೆ ಬ್ರೆಡ್ಡಿನ ಗಾಡಿ. ಹಿಂದಿನವರಿಗೆ ಜಾಗ ಕೊಡೋಣವೆಂದು ಕಸದ ಲಾರಿಯ ಚಾಲಕ ಡೂಗಿ ಎದುರು ಬದಿಯ ಫುಟ್‌ಪಾತಿನ ಮೇಲೆ ಒಂದು ಚಕ್ರ ಹತ್ತಿಸಿದ.

"ಗ್ರೆಗರ್, ಇನ್ನೊಂದು" ಎಂದಳು ಎಫೀ.

ಡೂಗಿ ಗಾಬರಿಯಾಗಿ ಚಕ್ರ ಇಳಿಸಿದ. ಅದು ಇಳಿದ ರಭಸಕ್ಕೆ ಲಾರಿಯ ಮೇಲಿದ್ದ ಒಂದು ಚೀಲ ಕೆಳಗುರುಳಿ ಬಾಯಿಬಿಟ್ಟಿತು. ಕಡಲಹಕ್ಕಿಗಳು ಮದುವೆ ಊಟದ ಮೊದಲ ಪಂಕ್ತಿಗೆ ನುಗ್ಗುವವರಂತೆ ಬಂದಿಳಿದವು. ಅಂಚೆಯವಳು ಹಾರ್ನ್ ಒತ್ತಿದಳು. ಬ್ರೆಡ್ಡಿನವನು ಅವಳಿಗೆ ಉತ್ತರವಾಗಿ ಒತ್ತಿದ. ಇಷ್ಟು ಸಾಲದೆಂಬಂತೆ ಮಳೆಯೂ ಬಂತು. ಮೊದಲ ಹನಿಯೇ ನೇರವಾಗಿ ಗ್ರೆಗರನ ಕಾಲರಿನೊಳಗೆ ಇಳಿಯಿತು.

ಎಫೀ ಒಂದು ಪ್ಲಾಸ್ಟಿಕ್ ಟೋಪಿ ತೆಗೆದು ತಲೆಗೆ ಕಟ್ಟಿಕೊಂಡಳೇ ಹೊರತು ಕದಲಲಿಲ್ಲ. ಅವಳ ಮಂಡಿಯ ಮೇಲಿನ ಕಂಬಳಿ ನೆನೆಯುತ್ತಿತ್ತು. ಗ್ರೆಗರ್ ಅದನ್ನು ನೋಡಿದ. ವ್ಯಾನನ್ನು ನೋಡಿದ. ಒಂದೇ ನಿಮಿಷ ಅಂತ ನಿಲ್ಲಿಸಿದ್ದೆ: ಚೀಟಿ ಹಾಕಿಸಿಕೊಂಡ ಪ್ರತಿಯೊಬ್ಬನೂ ಅವನಿಗೆ ಹೇಳಿದ್ದು ಇದೇ ಮಾತು. ಒಬ್ಬರದ್ದನ್ನೂ ಅವನು ನಂಬಿರಲಿಲ್ಲ. ಇವತ್ತು ಅದೇ ಮಾತು ತನ್ನ ಬಾಯಿಂದ ಬಂದಾಗ ಮಾತ್ರ ಎಷ್ಟು ನಿಜವಾಗಿ ಕೇಳಿಸಿತ್ತು.

ಅವನು ಜೇಬಿನಿಂದ ಕೈ ತೆಗೆದ. ಯಂತ್ರ ಒತ್ತಿದ. ಚೀಟಿ ಹೊರಬಂತು. ಅದನ್ನು ಹಳದಿ ಲಕೋಟೆಗೆ ಹಾಕಿ ತನ್ನದೇ ವ್ಯಾನಿನ ಗಾಜಿಗೆ ಅಂಟಿಸಿ, ನಿಯಮದಂತೆ ಫೋಟೋ ತೆಗೆದ. ಫೋಟೋದಲ್ಲಿ ಚೀಟಿಯ ಜೊತೆ, ಗಾಜಿನಲ್ಲಿ ಮೂಡಿದ ಒದ್ದೆ ಟೋಪಿಯ ಒಬ್ಬ ಮನುಷ್ಯನೂ ಬಿದ್ದ.

"ಡ್ರೈವರ್ ಏನಂದ?" ಎಂದು ಕೇಳಿದಳು ಎಫೀ.

"ಒಂದೇ ನಿಮಿಷ ಅಂತ ನಿಲ್ಸಿದ್ನಂತೆ."

"ಎಲ್ರೂ ಹಾಗೇ ಹೇಳೋದು."

ಕಾರ್ಸ್‌ವೆಲ್ ಮಾಸ್ತರು ಚಪ್ಪಾಳೆ ತಟ್ಟಿದರು. ಕಿಟಕಿಗಳಿಂದಲೂ ಒಂದೆರಡು ಚಪ್ಪಾಳೆ ಬಂದವು. ಇನ್ವರ್‌ಕಾರಿಯ ಮಟ್ಟಿಗೆ ಅದು ಮೆರವಣಿಗೆಗೆ ಸಮ. ಮ್ಯಾಗ್ನಸ್ ನಿಟ್ಟುಸಿರಿಟ್ಟು, "ನನಗೂ ಒಂದು ಹರಿ, ಇನ್ನೇನು" ಎಂದು ಚೀಟಿ ಈಸಿಕೊಂಡು ತನ್ನ ವ್ಯಾನನ್ನು ಬಂದರಿನ ಕಡೆ ಒಯ್ದ. ಎಫೀ ಬ್ರೇಕ್ ತೆಗೆದು ಬದಿಗೆ ಸರಿದಳು. ಕಸದ ಲಾರಿ, ಅಂಚೆ, ಬ್ರೆಡ್ಡು ಸಾಲಾಗಿ ದಾಟಿಹೋದವು. ಹೋಗುವಾಗ ಡೂಗಿ ಗ್ರೆಗರನಿಗೆ ಟೋಪಿ ಎತ್ತಿದ.

"ಒಳಗೆ ಬಾ" ಎಂದಳು ಎಫೀ. "ನೆಂದ ಬೆಕ್ಕಿನ ಹಾಗೆ ಕಾಣ್ತಿದ್ದೀಯ. ಬೇಳೆ ಸೂಪ್ ಇದೆ."

ಅವಳ ಅಡುಗೆಮನೆ ಬೆಚ್ಚಗಿತ್ತು. ಗ್ರೆಗರ್ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು, ಹಬೆಯಾಡುವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಾಸ್ತರು ಓಟ್ಸಿನ ಬಿಸ್ಕತ್ತಿಗೆ ಬೆಣ್ಣೆ ಸವರಿಕೊಟ್ಟರು. ಮ್ಯಾಗ್ನಸ್ ವಾಪಸು ಬಂದು ಒಂದು ತುಂಡು ಹೊಗೆಮೀನು ತಂದಿಟ್ಟ. ಈ ಓಣಿಯಲ್ಲಿ ಗ್ರೆಗರನನ್ನು ಯಾರೂ ಈವರೆಗೆ ಒಳಕ್ಕೆ ಕರೆದಿರಲಿಲ್ಲ. ಕೆಲಸ ಹೋದರೂ ಹೋಗಲಿ, ಇಂಥ ಸೂಪು ದಿನಾ ಸಿಗುವುದಿಲ್ಲ ಎಂದುಕೊಂಡು ಅವನು ಎರಡನೆಯ ಬಟ್ಟಲಿಗೆ ಕೈ ಚಾಚಿದ.

ಆಗ ಮಿಸೆಸ್ ಡಫ್ ಬಂದಳು. ಕಾರನ್ನು ಕೆಳಗೆ ಬಂದರಿನ ಪಾರ್ಕಿಂಗಿನಲ್ಲೇ ಬಿಟ್ಟು ಮಳೆಯಲ್ಲಿ ಓಣಿ ಹತ್ತಿ ಬಂದಿದ್ದಳು. ಅವಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿದ್ದ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು.

"ಊರೆಲ್ಲ ನಂಗೇ ಫೋನ್ ಮಾಡ್ತಿದೆ" ಎಂದಳು. "ಬ್ರೆಡ್ ಬಂದಿಲ್ಲ, ಕಾಗದ ಬಂದಿಲ್ಲ. ಚೀಟಿ ಹಾಕ್ಬೇಡ ಅಂದಿರ್ಲಿಲ್ವಾ ಗ್ರೆಗರ್?"

ಗ್ರೆಗರನ ಬಾಯಿ ತುಂಬ ಸೂಪಿತ್ತು. ಮಾಸ್ತರು ಎದ್ದು ನಿಂತರು.

"ಅಮ್ಮಾ, ಇವನು ತನ್ನ ಗಾಡಿಗೆ ತಾನೇ ದಂಡ ಹಾಕಿದ. ಇಂಥ ಮನುಷ್ಯನ್ನ ನಾವು ಬಿಟ್ಕೊಡಲ್ಲ. ಇವನು ನಮ್ಮ ಬೀದೀಲೇ ಇರ್ಬೇಕು, ಮಳೆ ಇರ್ಲಿ, ಬಿಸಿಲಿರ್ಲಿ."

"ಹೂಂ. ಬೇರೆ ಯಾರೇ ಚೀಟಿ ಹಾಕಿದ್ರೂ ನಾನು ತಗೊಳಲ್ಲ" ಎಂದ ಮ್ಯಾಗ್ನಸ್.

ಗ್ರೆಗರ್ ಸೂಪು ನುಂಗಲು ಹೋಗಿ ಕೆಮ್ಮಿದ. ಕುರ್ಚಿ, ಹೀಟರ್ ಎಂದು ಹೇಳಬೇಕೆಂದಿದ್ದವನ ಬಾಯಿಂದ ಕೆಮ್ಮು ಬಿಟ್ಟು ಬೇರೇನೂ ಬರಲಿಲ್ಲ. ಮಿಸೆಸ್ ಡಫ್ ಉತ್ತರ ಕೊಡುವ ಮೊದಲೇ ಫೋನು ಮತ್ತೆ ಬಡಿದುಕೊಂಡಿತು. ಎಫೀಗೆ ತಡೆಯಲಾಗಲಿಲ್ಲ. ಅದನ್ನು ಮಿಸೆಸ್ ಡಫ್ ಕೈಯಿಂದ ತೆಗೆದುಕೊಂಡಳು.

"ಪುರಸಭೆ. ಹೇಳಿ... ಬ್ರೆಡ್ಡಾ? ಈಗ ನಿಮ್ಮ ಬಾಗಿಲಿಗೆ ಬರ್ತಿದೆ, ಕಿಟಕೀಲಿ ನೋಡಿ... ಕಂಡ್ತಾ? ಒಳ್ಳೇದು. ಬೆಣ್ಣೆ ಹಚ್ಕೊಂಡು ತಿನ್ನಿ, ಸಿಟ್ಟು ಇಳಿಯತ್ತೆ." ಇಟ್ಟಳು. ಕೂಡಲೇ ಇನ್ನೊಂದು ಬಂತು. ಅದನ್ನೂ ಮುಗಿಸಿದಳು. ಮೂರನೆಯವನು ಯಾರೋ ಕಿರುಚುತ್ತಿದ್ದ. ಎಫೀ ಅವನ ತಾಯಿಯ ಹೆಸರು ಹಿಡಿದು ಮಾತಾಡಿಸಿದಳು. ಅವನು ಕ್ಷಮೆ ಕೇಳಿ ಇಟ್ಟ.

ಮಿಸೆಸ್ ಡಫ್ ಮೆಲ್ಲಗೆ ಕೂತುಕೊಂಡಳು. ಬಹಳ ದಿನದ ತಲೆನೋವು ಇಳಿದವಳಂತೆ ಅವಳ ಮುಖ ಸಡಿಲವಾಯಿತು.

"ಮಿಸೆಸ್ ಗೆಡ್ಡೀಸ್, ದೂರು ಕೇಳೋ ಮೇಜಿಗೆ ನಮಗೊಬ್ರು ಬೇಕು. ಸೋಮವಾರದಿಂದ ಬರ್ತೀರಾ? ಒಳ್ಳೆ ಬೆಚ್ಚಗಿನ ಜಾಗ."

"ಕುರ್ಚಿ ನಾನೇ ತರ್ತೀನಿ" ಎಂದಳು ಎಫೀ.

ಎಲ್ಲರೂ ಅವಳ ಕೈ ಕುಲುಕಿದರು. ಗ್ರೆಗರನೂ ಕುಲುಕಿದ. ಸಂಕಟವಾಗಲಿಲ್ಲವೆಂದಲ್ಲ. ಆದರೆ ಅವಳು ಮೂರನೆಯ ಬಟ್ಟಲು ತುಂಬಿಕೊಟ್ಟಾಗ ಅದನ್ನೂ ಕುಡಿದ, ಕುಡಿದ ಮೇಲೆ ಸಂಕಟ ಅರ್ಧಕ್ಕೆ ಇಳಿದಿತ್ತು. ಮಿಸೆಸ್ ಡಫ್ ಹೊರಟಾಗ ಎಫೀಯ ಛತ್ರಿ ಹಿಡಿದು ಮೇಲಧಿಕಾರಿಯನ್ನು ಬಂದರಿನವರೆಗೆ ಬಿಟ್ಟುಬರಲು ಹೋದ. ಕಾರು ಹೋದ ಮೇಲೆ ಅಲೆಗಳನ್ನು ನೋಡುತ್ತ, ಹೊಟ್ಟೆಯೊಳಗಿನ ಬಿಸಿಯನ್ನು ಅನುಭವಿಸುತ್ತ, ಬೀದಿಯೂ ಅಷ್ಟೇನೂ ಕೆಟ್ಟದ್ದಲ್ಲ ಎಂದುಕೊಳ್ಳುತ್ತಿದ್ದ. ಆಗ ಅವನ ಫೋನು ಬಡಿದುಕೊಂಡಿತು.

"ಗ್ರೆಗರ್, ಪುರಸಭೆಯಿಂದ ಎಫೀ. ಕೆಲಸ ಸೋಮವಾರದಿಂದಲೇ, ಆದ್ರೂ ಅಭ್ಯಾಸ ಆಗ್ಲಿ ಅಂತ ಮಾಡ್ದೆ. ಶೋರ್ ಓಣಿಯಿಂದ ಒಂದು ದೂರಿದೆ. ಒಂದು ವ್ಯಾನು ಬೆಳಿಗ್ಗೆಯಿಂದ ಫುಟ್‌ಪಾತ್ ಮೇಲೇ ನಿಂತಿದ್ಯಂತೆ."

"ಈಗಲೇ ಬಂದೆ" ಎಂದ ಗ್ರೆಗರ್, ಹೊಸ ಹುರುಪಿನಲ್ಲಿ. "ದೂರು ಕೊಟ್ಟೋರು ಯಾರು?"

"ನಾನೇ."

"ಯಾರ ವ್ಯಾನು?"

"ಚೀಟಿಯ ಯಂತ್ರ ತರೋದು ಮರೀಬೇಡ" ಎಂದಳು ಎಫೀ. "ಬೀಗದ ಕೈ ಹೇಗೂ ನಿನ್ನ ಜೇಬಲ್ಲೇ ಇದೆ."