ಪುಂಡಿಗೆ ಬಿದ್ದ ಟ್ರೌಟ್

ಏಪ್ರಿಲ್ ಹದಿನೆಂಟು, ಶನಿವಾರ, ಬೆಳಗ್ಗೆ ಆರೂವರೆಗೆ ಈ ಪ್ರಕರಣ ಆರಂಭವಾಯಿತು. ದಿನಚರಿ ಬರೆಯುವವನಾದ್ದರಿಂದ ಹೊತ್ತಿನ ವಿಷಯದಲ್ಲಿ ನನ್ನನ್ನು ನಂಬಬಹುದು. ಉಳಿದ ವಿಷಯಗಳಲ್ಲಿ ನೀವೇ ಯೋಚಿಸಿ. ನಮ್ಮವರು ಯಾವ ದೇಶಕ್ಕೆ ಹೋದರೂ ಅವರ ಫ್ರಿಜ್ಜಿನ ಐಸ್‌ಕ್ರೀಮ್ ಡಬ್ಬದಲ್ಲಿ ಐಸ್‌ಕ್ರೀಮ್ ಇರುವುದಿಲ್ಲ. ಇಡ್ಲಿ ಹಿಟ್ಟು ಇರುತ್ತದೆ, ತುರಿದ ತೆಂಗಿನಕಾಯಿ ಇರುತ್ತದೆ, ಮೊನ್ನೆಯ ಸಾರು ಇರುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ಅಂಥದೇ ಒಂದು ಡಬ್ಬದಲ್ಲಿ ಎರೆಹುಳು ಇಟ್ಟೆ.

ಯಾಕೆಂದು ಹೇಳಬೇಕು. ಐರ್ಲೆಂಡಿನ ಟಾಲಾದಲ್ಲಿ ಬೆಳೆದು ಅಲ್ಲಿಯೇ ನರ್ಸ್ ಆಗಿರುವ ಲವೀನಾಳನ್ನು ನಾನು ಮದುವೆಯಾಗಬೇಕೆಂದಿದ್ದೇನೆ. ಅವಳಿಗೂ ಒಪ್ಪಿಗೆ. ಅವಳ ಅಪ್ಪ ಲಾರೆನ್ಸ್ ಅಂಕಲ್ ಮಂಗಳೂರಿನವರು. ಶನಿವಾರವಾದರೆ ಗಾಳ ಹೊತ್ತು ವಿಕ್ಲೊ ಬೆಟ್ಟಗಳ ನಡುವಿನ ಒಂದು ಸರೋವರಕ್ಕೆ ಹೋಗುವವರು. ನಾನು ವಿಷಯ ಎತ್ತಿದಾಗ ಅವರು ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ. “ಉಡುಪಿಯವನಲ್ಲವಾ ನೀನು? ಒಂದು ಟ್ರೌಟ್ ಮೀನು ಹಿಡಿ ಮಾರಾಯ. ಮತ್ತೆ ಮಾತಾಡುವ,” ಎಂದರು. ಉಡುಪಿಯವನು ಹೌದು. ಆದರೆ ನಾನು ಸಮುದ್ರದ ಕಡೆ ಹೋಗುತ್ತಿದ್ದದ್ದು ಮಠದ ಊಟ ಅರಗಿಸಲು. ನಮ್ಮ ಮನೆಗೆ ಈರುಳ್ಳಿ ಬಂದರೇ ಅಜ್ಜಿ ಕಿಟಕಿ ತೆರೆಯುತ್ತಿದ್ದರು.

ನಾಲ್ಕು ಶನಿವಾರ ಹೋದೆ. ಲೆಕ್ಕ ಹೀಗಿದೆ: ನನ್ನ ಜಾಕೆಟ್ಟಿಗೆ ಗಾಳ ಸಿಕ್ಕಿದ್ದು ಮೂರು ಸಲ, ಅಂಕಲ್ ಟೊಪ್ಪಿಗೆ ಒಂದು ಸಲ, ಮೀನಿಗೆ ಸೊನ್ನೆ.

ಹುಳುಗಳನ್ನು ತಂಪಿನಲ್ಲಿ ಇಡಬೇಕು. ಆದರೆ ಲವೀನಾಳ ಅಮ್ಮ ಜೂಲಿಯೆಟ್ ಆಂಟಿ, “ನನ್ನ ಫ್ರಿಜ್ಜಿಗೆ ಹುಳ ಬಂದ ದಿವಸ ನಾನು ವಾಟರ್‌ಫರ್ಡಿಗೆ, ಅಕ್ಕನ ಮನೆಗೆ,” ಎಂದು ಹಿಂದೆಯೇ ಘೋಷಿಸಿದ್ದರು. ಇಲ್ಲಿ ನನ್ನ ವ್ಯವಸ್ಥಿತ ಬುದ್ಧಿ ಕೆಲಸ ಮಾಡಿತು. ಡಬ್ಬದ ಮೇಲೆ ಚೀಟಿ ಅಂಟಿಸಿ, ‘ಶ್ರೀವತ್ಸನಿಗೆ: ಬೆಂಡೆಕಾಯಿ ಪಲ್ಯ’ ಎಂದು ಬರೆದೆ. ಆ ಮನೆಯಲ್ಲಿ ಬೆಂಡೆಕಾಯಿಯನ್ನು ಕಣ್ಣೆತ್ತಿ ನೋಡುವವರಿಲ್ಲ. ಗುಟ್ಟು ಗೊತ್ತಿದ್ದದ್ದು ಅಂಕಲ್‌ಗೆ ಮಾತ್ರ. ಶುಕ್ರವಾರ ರಾತ್ರಿ ಅವರ ಸೋಫಾದ ಮೇಲೆ ನೆಮ್ಮದಿಯಾಗಿ ಮಲಗಿದೆ. ಬೆಳಗ್ಗೆ ಆರೂವರೆಗೆ ಫ್ರಿಜ್ಜಿಗೆ ಕೈಹಾಕಿ, ನನ್ನ ಹೆಸರಿದ್ದ ಡಬ್ಬ ಎತ್ತಿಕೊಂಡು ಅಂಕಲ್ ಕಾರು ಹತ್ತಿದೆ.

ಸರೋವರದ ದಡದಲ್ಲಿ ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ, ದುಂಡಗೆ ಪುಂಡಿ. ಅಕ್ಕಿ ತರಿಗೆ ತೆಂಗಿನಕಾಯಿ ಸೇರಿಸಿ ಹಬೆಯಲ್ಲಿ ಬೇಯಿಸಿದ ಉಂಡೆಗಳು, ಎಂಟು. ಚೀಟಿಯ ಮೇಲೆ ಆಂಟಿಯ ಅಕ್ಷರ: ‘ಶ್ರೀವತ್ಸನಿಗೆ, ಬುತ್ತಿ.’

ಅಂಕಲ್ ಮುಖ ಬಿಳುಚಿತು. “ನಿನ್ನ ಪಲ್ಯ?”

“ಮನೆಯಲ್ಲೇ.”

“ಮುಗಿಯಿತು. ಪಾಪದ ಹುಡುಗ ಪಲ್ಯ ಬಿಟ್ಟು ಹೋಗಿದ್ದಾನೆ ಅಂತ ಅವಳು ಮಧ್ಯಾಹ್ನಕ್ಕೆ ಬಿಸಿ ಮಾಡಿಡುತ್ತಾಳೆ. ಫೋನ್ ಮಾಡು ಮಾರಾಯ!”

ಖಾಲಿ ಗಾಳ ನೀರಿಗೆ ಬಿಡುವುದು ಅವರ ಜಾಯಮಾನವಲ್ಲ. ಪುಂಡಿಯ ಒಂದು ಚೂರು ಮುರಿದು ಸಿಕ್ಕಿಸಿ, ಎಸೆದು, ಕೋಲನ್ನು ನನ್ನ ಎಡಗೈಗೆ ಕೊಟ್ಟರು. ಬಲಗೈಯಲ್ಲಿ ಫೋನು.

“ಆಂಟಿ, ಆ ಪಲ್ಯ ಬಿಸಿ ಮಾಡಬೇಡಿ.”

“ಎಂತ ನಾಚಿಕೆ ನಿನಗೆ? ಎರಡು ನಿಮಿಷದ ಕೆಲಸ.”

“ಅಲ್ಲ ಆಂಟಿ, ಅದು ಹಾಳಾಗಿದೆ.”

“ಹಾಳಾಗಿದ್ದರೆ ಬಿಸಾಡಿ ಡಬ್ಬ ತೊಳೆದಿಡುತ್ತೇನೆ.”

“ತೊಳೆಯಬೇಡಿ! ಡಬ್ಬವನ್ನೂ ಬಿಸಾಡಿ!”

“ಅಷ್ಟು ಒಳ್ಳೆಯ ಡಬ್ಬ ಬಿಸಾಡುವುದಾ?” ಎಂದರು. ಮುಚ್ಚಳ ಬಿಚ್ಚಿದ ಸದ್ದು ಕೇಳಿಸಿತು. ಆಮೇಲೆ ಕೇಳಿಸಿದ್ದು ಕೊಂಕಣಿಯಲ್ಲಿತ್ತು. ನನಗೆ ಕೊಂಕಣಿ ಬರುವುದಿಲ್ಲ; ಬರದಿದ್ದದ್ದೇ ಒಳ್ಳೆಯದಾಯಿತು ಎಂದು ಅಂಕಲ್ ಮುಖ ಹೇಳುತ್ತಿತ್ತು.

ಅದೇ ಹೊತ್ತಿಗೆ ನೀರಿನ ಮೇಲಿದ್ದ ಬೆಂಡು ಗುಳುಂ ಎಂದು ಮುಳುಗಿತು. ಕೋಲು ಬಿಲ್ಲಿನಂತೆ ಬಾಗಿತು. “ಎಳೆಯೋ! ಸುತ್ತೋ! ಫೋನ್ ಬಿಡೋ!” ಎಂದು ಅಂಕಲ್ ಕುಣಿದರು. ನಾನು ಗಾಬರಿಯಲ್ಲಿ ಕೋಲನ್ನು ಕಿವಿಗೆ ಹಿಡಿದು “ಸಾರಿ ಆಂಟಿ” ಎಂದೆ. ಹೇಗೋ, ಮೊಳದುದ್ದದ ಟ್ರೌಟ್ ಅಂಕಲ್ ಹಿಡಿದ ಕೈಬಲೆಗೆ ಬಂತು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ದಾರಿಯಲ್ಲಿ ಲವೀನಾಳ ಸಂದೇಶ: “ಅಮ್ಮ ಗ್ರ್ಯಾಂಡ್. ಪ್ಯಾಕ್ ಮಾಡ್ತಿದ್ದಾರೆ.” ಐರ್ಲೆಂಡಿನಲ್ಲಿ ಬೆಳೆದವರು ಮನೆಗೆ ಬೆಂಕಿ ಬಿದ್ದರೂ ಗ್ರ್ಯಾಂಡ್, ಅಂದರೆ ಎಲ್ಲ ಚೆನ್ನಾಗಿದೆ, ಎನ್ನುತ್ತಾರೆ. ಮೀನು ಸಿಕ್ಕಿತ್ತು, ಮದುವೆ ಕೈತಪ್ಪುತ್ತಿತ್ತು.

ಮನೆ ಬಾಗಿಲಲ್ಲಿ ಆಂಟಿ, ಪಕ್ಕದಲ್ಲಿ ಸೂಟ್‌ಕೇಸು, ಮೆಟ್ಟಿಲ ಮೇಲೆ ಹುಳುಗಳ ಡಬ್ಬ. ಅಂಕಲ್ ನನ್ನ ಬೆನ್ನ ಹಿಂದೆ ನಿಂತರು. ಆಂಟಿ ಮೀನನ್ನು ಬಹಳ ಹೊತ್ತು ನೋಡಿದರು.

“ಎಂತ ಹಾಕಿ ಹಿಡಿದದ್ದು ಇದನ್ನು?”

“ನಿಮ್ಮ ಪುಂಡಿ, ಆಂಟಿ.”

ಅವರು ಗಂಡನ ಕಡೆ ತಿರುಗಿದರು. “ಮದುವೆಯಾದಲ್ಲಿಂದ ನನ್ನ ಪುಂಡಿ ಕಲ್ಲು, ಕಲ್ಲು ಅಂತೀರಲ್ಲ? ಮೀನಿಗೆ ಗೊತ್ತುಂಟು ರುಚಿ!” ಸೂಟ್‌ಕೇಸು ತಾನಾಗಿ ಒಳಗೆ ಹೋಗಲಿಲ್ಲ, ನಾನೇ ಹೊತ್ತೆ. ಹಿಂದಿನಿಂದ, “ಈ ಹುಡುಗ ಆಗಬಹುದು,” ಎಂಬ ಮಾತು ಕೇಳಿಸಿತು.

ಸೆಪ್ಟೆಂಬರಿಗೆ ಮದುವೆ. ಊಟದ ಟ್ರೌಟ್ ಅಷ್ಟನ್ನೂ ಅಳಿಯನೇ ತಮ್ಮ ಪುಂಡಿ ಹಾಕಿ ಹಿಡಿಯುತ್ತಾನೆಂದು ಆಂಟಿ ವಾಟರ್‌ಫರ್ಡಿನ ಅಕ್ಕನಿಗೂ, ಚರ್ಚಿನ ಎಂಬತ್ತು ಜನಕ್ಕೂ ಹೇಳಿಬಿಟ್ಟಿದ್ದಾರೆ. ಆಮೇಲಿನ ಐದು ಶನಿವಾರಗಳ ಲೆಕ್ಕ: ಪುಂಡಿ ನಲವತ್ತು, ನಾನು ತಿಂದದ್ದು ಮೂವತ್ತೊಂದು, ಅಂಕಲ್ ತಿಂದದ್ದು ಒಂಬತ್ತು, ಟ್ರೌಟ್ ಮೂಸಿಯೂ ನೋಡಿಲ್ಲ. ಆ ಒಂದು ಮೀನಿಗೆ ಅಂದು ಏನಾಗಿತ್ತೆಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಲಕೋಟೆಯ ಮೇಲೆ ‘ಬೆಂಡೆಕಾಯಿ ಪಲ್ಯ ಮಾಡುವ ವಿಧಾನ’ ಎಂದಿರಲಿ. ಆ ಮನೆಯಲ್ಲಿ ಇನ್ನು ಅದನ್ನು ಯಾರೂ ತೆರೆಯುವುದಿಲ್ಲ.